ಐದು ಕಿಲೋವಾಟ್ ಬೇಕೇ, ಎರಡು ಸಾಕೇ? ಬಾಗಲಕೋಟೆಯ ಒಂದು ಮನೆಯ ಸೌರ ವಿದ್ಯುತ್ ಲೆಕ್ಕ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ 30×40 ನಿವೇಶನದ ಸ್ವಂತ ಮನೆಯಲ್ಲಿ ನಾವು ಆರು ಜನ ಇದ್ದೇವೆ. ಎ.ಸಿ. ಹಾಕಿಸಿದ ಮೇಲೆ ವಿದ್ಯುತ್ ಬಿಲ್ ಏರುತ್ತಲೇ ಇದೆ. ಕಳೆದ ವರ್ಷದ ಬಳಕೆ ಜನವರಿಯಿಂದ ಡಿಸೆಂಬರ್‌ವರೆಗೆ ಕ್ರಮವಾಗಿ 175, 190, 290, 370, 390, 310, 230, 220, 225, 240, 185, 175 ಯೂನಿಟ್. ಗೃಹಜ್ಯೋತಿ ಇರುವುದರಿಂದ ಚಳಿಗಾಲದ ನಾಲ್ಕು ತಿಂಗಳು ಬಿಲ್ ಸೊನ್ನೆ ಅಥವಾ ಅತಿ ಕಡಿಮೆ. ಉಳಿದ ಎಂಟು ತಿಂಗಳು ಪೂರ್ತಿ ಕಟ್ಟುತ್ತೇವೆ. ಮಂಜೂರಾದ ಲೋಡ್ 3 ಕಿಲೋವಾಟ್. ಸೋಲಾರ್ ಏಜೆಂಟರೊಬ್ಬರು ಬಂದು, “5 ಕಿಲೋವಾಟ್ ಹಾಕಿಸಿ, ಶೇಕಡ 60 ಸಬ್ಸಿಡಿ ಬರುತ್ತದೆ, ಬಿಲ್ ಸೊನ್ನೆಯಾಗುತ್ತದೆ, ಕರೆಂಟ್ ಹೋದರೂ ಮನೆ ನಡೆಯುತ್ತದೆ, ಮೂರು ವರ್ಷದಲ್ಲಿ ಹಾಕಿದ ಹಣ ವಾಪಸ್” ಎಂದಿದ್ದಾರೆ. ಇಳಕಲ್ಲಿನ ನಮ್ಮ ಬೀಗರು, “ನಮ್ಮ ಬಿಸಿಲಿಗೆ ಪ್ಯಾನೆಲ್ ಸುಟ್ಟುಹೋಗುತ್ತವೆ, ಸ್ಲ್ಯಾಬ್ ಸೋರುತ್ತದೆ, ಸಬ್ಸಿಡಿಯೂ ಹೇಳಿದಷ್ಟು ಬರುವುದಿಲ್ಲ” ಎನ್ನುತ್ತಾರೆ. ಟೆರೇಸಿನ ನೈಋತ್ಯ ಮೂಲೆಯಲ್ಲಿ ನೀರಿನ ಟಾಕಿ ಇದೆ. ಮೀಟರ್ ಇನ್ನೂ ತೀರಿಕೊಂಡ ನಮ್ಮ ತಂದೆಯ ಹೆಸರಿನಲ್ಲಿದೆ. ಎಷ್ಟು ಕಿಲೋವಾಟ್ ಹಾಕಿಸಬೇಕು, ಎಷ್ಟು ಖರ್ಚು, ಯಾವಾಗ ಹಣ ಮರಳುತ್ತದೆ?

ಉತ್ತರ: ಹನ್ನೆರಡು ತಿಂಗಳ ಬಳಕೆಯನ್ನು ಬರೆದು ಕಳಿಸಿದ್ದರಿಂದ ಈ ಪ್ರಶ್ನೆಗೆ ಅಂದಾಜಿನ ಮಾತುಗಳ ಬದಲು ಲೆಕ್ಕ ಹಾಕಿಯೇ ಉತ್ತರಿಸಬಹುದಾಗಿದೆ. ನನ್ನ ಬಳಿ ಬರುವ ಬಹುತೇಕರು ಮೇ ತಿಂಗಳ ಒಂದೇ ಬಿಲ್ ಹಿಡಿದು ಬರುತ್ತಾರೆ, ಮತ್ತು ಆ ಒಂದು ಬಿಲ್ಲಿನ ಮೇಲೆಯೇ ಇಡೀ ವರ್ಷದ ಗಾತ್ರ ನಿರ್ಧಾರವಾಗಿಬಿಡುತ್ತದೆ. ನಿಮ್ಮ ಆತಂಕ ಎರಡು ಬಗೆಯದು: ಏಜೆಂಟರ ಮಾತು ನಂಬಿ ಅಗತ್ಯಕ್ಕಿಂತ ದೊಡ್ಡದನ್ನು ಹಾಕಿಸಿ ಹಣ ಸಿಕ್ಕಿಕೊಳ್ಳಬಹುದು, ಬೀಗರ ಮಾತು ನಂಬಿ ಬಿಟ್ಟರೆ ಬರಬಹುದಾದ ಉಳಿತಾಯ ಕೈತಪ್ಪಬಹುದು. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ನಿಮ್ಮ ಮನೆಯ ಮಟ್ಟಿಗೆ ತೀರ್ಮಾನ ನಿಂತಿರುವುದು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯ ಮೇಲೆ, ಅಂದರೆ ಆ ನಾಲ್ಕು ಸೊನ್ನೆ ಬಿಲ್ಲುಗಳ ಮೇಲೆ.

ಮೊದಲು ಒಂದು ಕಿಲೋವಾಟ್ ನಿಮ್ಮ ಚಾವಣಿಯ ಮೇಲೆ ಎಷ್ಟು ಕೊಡುತ್ತದೆ ಎಂಬುದನ್ನು ನೋಡೋಣ. ಬಾಗಲಕೋಟೆ ಮತ್ತು ವಿಜಯಪುರದ ಕಡೆ ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ, ನೆರಳಿಲ್ಲದೆ ಕೂರಿಸಿದ ಒಂದು ಕಿಲೋವಾಟ್ ವ್ಯವಸ್ಥೆ ವರ್ಷಕ್ಕೆ ಸುಮಾರು 1,400 ಯೂನಿಟ್, ಅಂದರೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್‌ಗೆ ತುಸು ಕಡಿಮೆ ಕೊಡುತ್ತದೆ ಎಂದು ಹಿಡಿಯುವುದು ಸುರಕ್ಷಿತ. ಬೆಳಗಾವಿ ನಗರ ಮತ್ತು ಖಾನಾಪುರದ ಕಡೆ ಜುಲೈ–ಆಗಸ್ಟ್ ತಿಂಗಳ ಮೋಡ ಮಳೆಗಳು ಗಟ್ಟಿಯಾಗಿರುವುದರಿಂದ ಅಲ್ಲಿ ನಾನು ಇದಕ್ಕಿಂತ ಕಡಿಮೆಯೇ ಹಿಡಿಯುತ್ತೇನೆ. ನಿಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೆ ಕಿಲೋವಾಟ್‌ಗೆ 130 ಯೂನಿಟ್ ದಾಟಬಹುದು, ಜುಲೈಯಲ್ಲಿ ಅದು 90ರ ಆಸುಪಾಸಿಗೆ ಇಳಿಯುತ್ತದೆ. ‘ದಿನಕ್ಕೆ ಐದು ಯೂನಿಟ್ ಗ್ಯಾರಂಟಿ’ ಎನ್ನುವವರು ಏಪ್ರಿಲ್ ತಿಂಗಳ ಒಳ್ಳೆಯ ದಿನವನ್ನು ಇಡೀ ವರ್ಷಕ್ಕೆ ಹಚ್ಚುತ್ತಿದ್ದಾರೆ ಎಂದು ತಿಳಿಯಿರಿ.

ಬಿಸಿಲಿಗೆ ಪ್ಯಾನೆಲ್ ಸುಡುವುದಿಲ್ಲ, ಆದರೆ ಬೀಗರ ಮಾತಿನ ಹಿಂದೆ ಒಂದು ನಿಜವಿದೆ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಬಿಸಿ ಅದಕ್ಕೆ ಪ್ರತಿಕೂಲ. ಹಿಂಬದಿಯ ಚೀಟಿಯಲ್ಲಿರುವ ವಾಟ್ ಸಂಖ್ಯೆ ಪ್ಯಾನೆಲ್ 25 ಡಿಗ್ರಿ ಉಷ್ಣತೆಯಲ್ಲಿದ್ದಾಗ ಅಳೆದದ್ದು. ಅದಕ್ಕಿಂತ ಪ್ರತಿ ಡಿಗ್ರಿ ಏರಿದಾಗ ಉತ್ಪಾದನೆ ಸುಮಾರು ಶೇಕಡ 0.3ರಿಂದ 0.4ರಷ್ಟು ತಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಳಿಯ ಉಷ್ಣತೆ 40 ಡಿಗ್ರಿ ಇದ್ದಾಗ ಪ್ಯಾನೆಲ್‌ನ ಮೈ 65 ಡಿಗ್ರಿಗೆ ಏರುವುದು ಸಾಮಾನ್ಯ, ಆಗ ಶೇಕಡ 14ರಷ್ಟು ನಷ್ಟವಾಗುತ್ತದೆ. ಮೇಲೆ ಹೇಳಿದ 1,400 ಯೂನಿಟ್‌ನಲ್ಲಿ ಈ ನಷ್ಟವನ್ನು ಕಳೆದಾಗಿದೆ. ಪ್ಯಾನೆಲ್‌ಗಳನ್ನು ಸ್ಲ್ಯಾಬಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿ ಆಡುವಷ್ಟು ಎತ್ತರ ಬಿಡಿಸಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಕೆಳಗಿನ ಕೋಣೆಯೂ ತುಸು ತಂಪಾಗುತ್ತದೆ.

ಈಗ ಹಣದ ಮಾತು. 2025–26ನೇ ಸಾಲಿನ ದರಪಟ್ಟಿಯಂತೆ ಗೃಹಬಳಕೆಯ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 36 ಪೈಸೆ, ಜೊತೆಗೆ ಶೇಕಡ 9 ವಿದ್ಯುತ್ ತೆರಿಗೆ ಇವೆ. ಕೈ ಬಿಗಿ ಹಿಡಿದು, ನೀವು ಉಳಿಸುವ ಪ್ರತಿ ಯೂನಿಟ್‌ಗೆ ಆರೂವರೆ ರೂಪಾಯಿ ಎಂದು ಎಣಿಸೋಣ. ಮಂಜೂರಾದ ಲೋಡ್‌ನ ಮೇಲೆ ಕಿಲೋವಾಟ್‌ಗೆ 145 ರೂಪಾಯಿಯಂತೆ ಬರುವ ನಿಗದಿತ ಶುಲ್ಕ ಬೇರೆಯದು. ನಿಮ್ಮ 3 ಕಿಲೋವಾಟ್‌ಗೆ ಅದು ತಿಂಗಳಿಗೆ 435 ರೂಪಾಯಿ ಆಗುತ್ತದೆ, ಚಾವಣಿಯ ಮೇಲೆ ಎಷ್ಟೇ ಪ್ಯಾನೆಲ್ ಇದ್ದರೂ ಕರಗುವುದಿಲ್ಲ. ಆದ್ದರಿಂದ ಸೋಲಾರ್‌ನಿಂದಲೇ ‘ಬಿಲ್ ಸೊನ್ನೆ’ ಆಗುತ್ತದೆ ಎಂಬ ಮಾತನ್ನು ಇಲ್ಲಿಗೇ ಬಿಡಬಹುದು.

ನಿಮ್ಮ ವರ್ಷದ ಬಳಕೆ 3,000 ಯೂನಿಟ್. 2 ಕಿಲೋವಾಟ್ ವ್ಯವಸ್ಥೆ ತಿಂಗಳುವಾರು ಎಣಿಸಿದರೆ ವರ್ಷಕ್ಕೆ ಸುಮಾರು 2,750 ಯೂನಿಟ್ ಕೊಡುತ್ತದೆ. ಇದನ್ನು ಆರೂವರೆ ರೂಪಾಯಿಯಿಂದ ಗುಣಿಸಿ ವರ್ಷಕ್ಕೆ 17,900 ರೂಪಾಯಿ ಉಳಿತಾಯ ಎಂದು ಬರೆದುಕೊಡುವುದು ಸುಲಭ, ಮತ್ತು ನಾನು ನೋಡುವ ಕೊಟೇಶನ್‌ಗಳಲ್ಲಿ ಹೆಚ್ಚಿನವು ಹೀಗೆಯೇ ಬರೆದಿರುತ್ತವೆ. ನಿಮ್ಮ ಮನೆಗೆ ಈ ಸಂಖ್ಯೆ ತಪ್ಪು. ಗೃಹಜ್ಯೋತಿಯಡಿ 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ ನಿಮಗೆ ಗೊತ್ತುಪಡಿಸಿದ ಮಿತಿಯೊಳಗೆ ಬಿಲ್ ಇಲ್ಲ, ಆ ಮಿತಿ ದಾಟಿ 200 ಯೂನಿಟ್‌ವರೆಗೆ ಹೆಚ್ಚುವರಿಗಷ್ಟೇ ಹಣ, 200 ದಾಟಿದ ತಿಂಗಳು ಪೂರ್ತಿ ಬಿಲ್. ಹೀಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗಿನ 725 ಯೂನಿಟ್‌ಗೆ ನೀವು ಈಗಾಗಲೇ ಹೆಚ್ಚೂಕಡಿಮೆ ಏನೂ ಕೊಡುತ್ತಿಲ್ಲ. ಕೊಡದ ಹಣವನ್ನು ಸೋಲಾರ್ ಉಳಿಸಲಾರದು. ನೀವು ಹಣ ತೆರುವುದು ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ 2,275 ಯೂನಿಟ್‌ಗೆ, ಅಂದರೆ ನಿಗದಿತ ಶುಲ್ಕ ಬಿಟ್ಟು ವರ್ಷಕ್ಕೆ ಸುಮಾರು 14,800 ರೂಪಾಯಿ. ಎಷ್ಟು ದೊಡ್ಡ ವ್ಯವಸ್ಥೆ ಹಾಕಿಸಿದರೂ ಮನೆಯ ಬಳಕೆಯಿಂದ ಉಳಿಯುವ ಹಣಕ್ಕೆ ಇದೇ ಮೇಲ್ಮಿತಿ.

ಆ ಎಂಟು ತಿಂಗಳಲ್ಲಿ 2 ಕಿಲೋವಾಟ್ ಸುಮಾರು 1,815 ಯೂನಿಟ್ ಕೊಡುತ್ತದೆ. ಜಾಲಕ್ಕೆ ಕೊಟ್ಟದ್ದನ್ನೂ ಅಲ್ಲಿಂದ ಪಡೆದದ್ದನ್ನೂ ಅಳೆಯುವ ನೆಟ್ ಮೀಟರ್‌ನ ಲೆಕ್ಕದಲ್ಲಿ ಅಷ್ಟೂ ಮನೆಯ ಬಳಕೆಯಲ್ಲೇ ವಜಾ ಆಗುವುದರಿಂದ 11,800 ರೂಪಾಯಿ ಉಳಿಯುತ್ತದೆ. ಚಳಿಗಾಲದಲ್ಲಿ ಸುಮಾರು 200 ಯೂನಿಟ್ ಹೆಚ್ಚುವರಿಯಾಗಿ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ಜಾಲಕ್ಕೆ ಹೋಗುತ್ತದೆ. ಹೀಗೆ ತಿಂಗಳ ಕೊನೆಗೆ ಮಿಗುವ ಯೂನಿಟ್‌ಗೆ ಒಪ್ಪಂದದ ದಿನ ಜಾರಿಯಲ್ಲಿರುವ ಖರೀದಿ ದರ ಅನ್ವಯಿಸುತ್ತದೆ. ಸಬ್ಸಿಡಿ ಪಡೆದ ಮನೆಗಳಿಗೆ ಅದು ನೀವು ತೆರುವ ದರದ ಅರ್ಧಕ್ಕಿಂತ ಕಡಿಮೆ ಇರುವುದರಿಂದ ನಾನು ಎರಡೂವರೆ ರೂಪಾಯಿ ಹಿಡಿಯುತ್ತೇನೆ, ಅದರಿಂದ ಇನ್ನೊಂದು 500 ರೂಪಾಯಿ. ಒಟ್ಟು ಉಳಿತಾಯ ವರ್ಷಕ್ಕೆ 12,300 ರೂಪಾಯಿ. ನಮ್ಮ ಭಾಗದಲ್ಲಿ 2 ಕಿಲೋವಾಟ್‌ಗೆ ಒಳ್ಳೆಯ ಸ್ಟ್ಯಾಂಡ್, ಕೇಬಲ್, ಅರ್ಥಿಂಗ್ ಸೇರಿ 1.3ರಿಂದ 1.5 ಲಕ್ಷ ರೂಪಾಯಿ ಕೇಳುತ್ತಾರೆ. 1.4 ಲಕ್ಷ ಎಂದುಕೊಂಡು 60,000 ರೂಪಾಯಿ ಸಬ್ಸಿಡಿ ಕಳೆದರೆ ನಿಮ್ಮ ಕೈಯಿಂದ ಹೋಗುವುದು 80,000. ಬಂಡವಾಳ ಮರಳಲು ಆರೂವರೆ ವರ್ಷ ಬೇಕು.

3 ಕಿಲೋವಾಟ್ ಆದರೆ ನಿಮ್ಮ ಎಂಟು ತಿಂಗಳ ಬಳಕೆಯೆಲ್ಲ ತೀರಿ ವರ್ಷಕ್ಕೆ ಸುಮಾರು 1,100 ಯೂನಿಟ್ ಮಿಗುತ್ತದೆ, ಒಟ್ಟು ಲಾಭ 17,600 ರೂಪಾಯಿ. ಬೆಲೆ 1.95 ಲಕ್ಷ ಎಂದುಕೊಂಡು 78,000 ಸಬ್ಸಿಡಿ ಕಳೆದರೆ 1.17 ಲಕ್ಷ, ಇದೂ ಆರೂವರೆ ವರ್ಷದ ಹತ್ತಿರವೇ ಬರುತ್ತದೆ. 5 ಕಿಲೋವಾಟ್‌ಗೆ ಬಂದರೆ ಚಿತ್ರ ಬದಲಾಗುತ್ತದೆ. ಮೂರು ಲಕ್ಷದ ವ್ಯವಸ್ಥೆಗೂ ಸಬ್ಸಿಡಿ ಅದೇ 78,000, ಮನೆಯ ಬಳಕೆಯ ಉಳಿತಾಯವೂ ಅದೇ 14,800. ಮಿಗುವ 3,900 ಯೂನಿಟ್ ಅಗ್ಗದ ದರಕ್ಕೆ ಹೋಗಿ ಸುಮಾರು 9,700 ರೂಪಾಯಿ ತರುತ್ತದೆ. ಮಂಜೂರಾದ ಲೋಡ್‌ಗಿಂತ ದೊಡ್ಡ ವ್ಯವಸ್ಥೆ ಹಾಕಿಸಿದಾಗ ಲೋಡ್ ಕೂಡ 3ರಿಂದ 5ಕ್ಕೆ ಏರುವುದರಿಂದ ನಿಗದಿತ ಶುಲ್ಕ ವರ್ಷಕ್ಕೆ ಸುಮಾರು 3,500 ರೂಪಾಯಿ ಹೆಚ್ಚಾಗುತ್ತದೆ, ಇದನ್ನು ಯಾವ ಏಜೆಂಟರೂ ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಕೊನೆಗೆ ಕೈಗೆ ಉಳಿಯುವುದು ವರ್ಷಕ್ಕೆ 21,000, ಹಾಕಿದ್ದು 2.22 ಲಕ್ಷ, ಹತ್ತು ವರ್ಷ ದಾಟುತ್ತದೆ.

ಹಾಗಾದರೆ ಆ ‘ಮೂರು ವರ್ಷ’ ಎಲ್ಲಿಂದ ಬಂತು? ಮೂರು ಲಕ್ಷಕ್ಕೆ ಶೇಕಡ 60 ಸಬ್ಸಿಡಿ ಎಂದರೆ ಉಳಿಯುವುದು 1.2 ಲಕ್ಷ, ಸುಮಾರು 6,900 ಯೂನಿಟ್ ಉತ್ಪಾದನೆಯನ್ನು ಪೂರ್ತಿ ಆರೂವರೆ ರೂಪಾಯಿಗೆ ಗುಣಿಸಿದರೆ ವರ್ಷಕ್ಕೆ 45,000, ಭಾಗಿಸಿದರೆ ಮೂರು ವರ್ಷಕ್ಕೂ ಕಡಿಮೆ. ಗಣಿತ ಸರಿಯಿದೆ, ಎರಡೂ ಆಧಾರಗಳು ತಪ್ಪು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ 78,000ಕ್ಕೆ ಸಬ್ಸಿಡಿ ನಿಲ್ಲುತ್ತದೆ. ಶೇಕಡ 60 ಎಂಬುದು ಮೊದಲ ಎರಡು ಕಿಲೋವಾಟ್‌ಗೆ ಸರ್ಕಾರ ಗುರುತಿಸಿದ ಮಾನದಂಡ ವೆಚ್ಚದ ಮೇಲೆ ಹುಟ್ಟಿದ ಪ್ರಮಾಣ, ನಿಮ್ಮ ಕೊಟೇಶನ್ನಿನ ಮೇಲಿನದಲ್ಲ. ದೊಡ್ಡ ವ್ಯವಸ್ಥೆ ಹಾಕಿಸಿದವರಿಗೆ ‘ಸಬ್ಸಿಡಿ ಹೇಳಿದಷ್ಟು ಬರಲಿಲ್ಲ’ ಅನ್ನಿಸುವುದು ಇದೇ ಕಾರಣಕ್ಕೆ. ನಿಮ್ಮ ಬೀಗರು ಕೇಳಿದ್ದೂ ಅಂಥದೇ ಕಥೆ ಇರಬೇಕು. ದೇಶದಲ್ಲೇ ತಯಾರಾದ ಸೆಲ್ ಮತ್ತು ಪ್ಯಾನೆಲ್ ಬಳಸಿದರೆ ಮಾತ್ರ ಈ ಹಣ ಬರುತ್ತದೆ. ಸಬ್ಸಿಡಿ ಸಿಗದ ಅಗ್ಗದ ಪ್ಯಾನೆಲ್‌ಗಳನ್ನು ತೋರಿಸಿ ಬೆಲೆ ಇಳಿಸುವವರೂ ಇದ್ದಾರೆ, ಆದ್ದರಿಂದ ಕೊಟೇಶನ್‌ನಲ್ಲಿ ‘ಡಿ.ಸಿ.ಆರ್. ಪ್ಯಾನೆಲ್’ ಎಂದು ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಸೌರ ಉಪಕರಣಗಳ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಕೊಟೇಶನ್ ಕೊಟ್ಟಿದ್ದರೆ ತಿದ್ದಿಸಿ.

ಈ ಎಲ್ಲ ಲೆಕ್ಕದಿಂದ ನನ್ನ ಸಲಹೆ ಹೀಗಿದೆ: ಬಳಕೆ ಈಗಿರುವಷ್ಟೇ ಇರುತ್ತದೆ ಎಂದಾದರೆ 2 ಕಿಲೋವಾಟ್ ಹಾಕಿಸಿ. ಇನ್ನೆರಡು ವರ್ಷದಲ್ಲಿ ಎರಡನೆಯ ಎ.ಸಿ., ಇಂಡಕ್ಷನ್ ಒಲೆ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಬರುವುದು ಖಚಿತವಿದ್ದರೆ 3 ಕಿಲೋವಾಟ್ ಸರಿ; ಆಗ ಚಳಿಗಾಲದ ತಿಂಗಳುಗಳೂ 200 ದಾಟಿ ಆ ಉತ್ಪಾದನೆಗೆ ಪೂರ್ತಿ ಬೆಲೆ ಸಿಗುವುದರಿಂದ ಅವಧಿ ಐದು ವರ್ಷದ ಕಡೆಗೆ ಬರಬಹುದು. ಸೋಲಾರ್ ಬಂದ ಮೇಲೆ ಜಾಲದಿಂದ ಪಡೆಯುವ ನಿವ್ವಳ ಬಳಕೆ 200ರೊಳಗೆ ಇಳಿದಾಗ ಗೃಹಜ್ಯೋತಿಯನ್ನು ಹೇಗೆ ಅನ್ವಯಿಸುತ್ತಾರೆ ಎಂಬುದನ್ನು ಒಪ್ಪಂದಕ್ಕೆ ಮುಂಚೆ ಹೆಸ್ಕಾಂ ಉಪವಿಭಾಗ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಸಿಕ್ಕರೆ ನಿಮ್ಮ ಲಾಭ ಹೆಚ್ಚುತ್ತದೆ. ಸಿಗದಿದ್ದರೂ ಚಳಿಗಾಲದ ಬಳಕೆಯನ್ನು 2 ಕಿಲೋವಾಟ್ ತಾನೇ ತುಂಬಿಕೊಡುವುದರಿಂದ ಯೂನಿಟ್‌ಗಳ ಲೆಕ್ಕ ಕೆಡುವುದಿಲ್ಲ, ಆ ನಾಲ್ಕು ತಿಂಗಳ ನಿಗದಿತ ಶುಲ್ಕ ಮಾತ್ರ ನಿಮ್ಮ ಮೇಲೆ ಬಂದೀತು. ವರ್ಷವಿಡೀ 200 ಯೂನಿಟ್‌ನೊಳಗೆ ಇದ್ದು ಸೊನ್ನೆ ಬಿಲ್ ಪಡೆಯುತ್ತಿರುವ ಓದುಗರಿಗೆ, ಈ ಯೋಜನೆ ಇರುವವರೆಗೆ, ಸೋಲಾರ್ ಹಾಕಿಸಿ ಹಣ ಉಳಿಸುತ್ತೇವೆ ಎಂಬ ಮಾತಿಗೆ ಅರ್ಥವಿಲ್ಲ. ಯೋಜನೆ ಎಷ್ಟು ಕಾಲ ನಡೆಯುತ್ತದೆ ಎಂಬುದು ರಾಜಕೀಯದ ವಿಷಯ, ಎಂಜಿನಿಯರ್ ಉತ್ತರಿಸುವಂಥದ್ದಲ್ಲ.

ಕರೆಂಟ್ ಹೋದಾಗ ಮನೆ ನಡೆಯುತ್ತದೆ ಎಂಬ ಮಾತು ನೀವು ಹೇಳಿದ ವ್ಯವಸ್ಥೆಗೆ ಪೂರ್ತಿ ಸುಳ್ಳು. ಬ್ಯಾಟರಿಯಿಲ್ಲದೆ ಹೆಸ್ಕಾಂ ಜಾಲಕ್ಕೆ ಜೋಡಿಸಿದ ಇನ್ವರ್ಟರ್, ಜಾಲದಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ಹಾಗೆ ಮಾಡದಿದ್ದರೆ ಕಂಬದ ಮೇಲೆ ದುರಸ್ತಿಗೆ ಏರಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ವಿದ್ಯುತ್ ತಗುಲುತ್ತದೆ. ಮಟಮಟ ಮಧ್ಯಾಹ್ನ ಬಿಸಿಲು ಉರಿಯುತ್ತಿದ್ದರೂ ಫ್ಯಾನ್ ತಿರುಗದಿರುವುದನ್ನು ಕಂಡು ‘ಮೋಸ ಹೋದೆವು’ ಎನ್ನುವವರು ಬಹಳ; ಮೊದಲೇ ಹೇಳಿದ್ದರೆ ಯಾರೂ ಬೇಸರಪಡುತ್ತಿರಲಿಲ್ಲ. ಬ್ಯಾಟರಿ ಸಹಿತದ ಹೈಬ್ರಿಡ್ ವ್ಯವಸ್ಥೆ ಬೇಕೆಂದರೆ, ನಾಲ್ಕೈದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಮತ್ತು ಅದಕ್ಕೊಪ್ಪುವ ಇನ್ವರ್ಟರ್ ಸೇರಿ ಲಕ್ಷ ರೂಪಾಯಿಯ ಆಸುಪಾಸು ಹೆಚ್ಚಾಗುತ್ತದೆ, ಅದು ಬಿಲ್ ಉಳಿತಾಯದಿಂದ ಮರಳುವ ಹಣವಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಸಾದಾ ಇನ್ವರ್ಟರ್–ಬ್ಯಾಟರಿ ಇದ್ದರೆ ಅದನ್ನೇ ಉಳಿಸಿಕೊಳ್ಳಿ.

ನಿಮ್ಮ ಟೆರೇಸ್ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮೇಲಿನ ಎಲ್ಲ ಸಂಖ್ಯೆಗಳೂ ನೆರಳಿಲ್ಲದ ಜಾಗಕ್ಕೆ ಮಾತ್ರ ಸಲ್ಲುತ್ತವೆ. ವಾಸ್ತು ನೋಡಿ ಟಾಕಿಯನ್ನು ನೈಋತ್ಯದಲ್ಲಿ ಕೂರಿಸುವ ರೂಢಿ ನಮ್ಮಲ್ಲಿದೆ. ಚಳಿಗಾಲದ ಮಧ್ಯಾಹ್ನದ ಸೂರ್ಯ ಬರುವುದೂ ಅದೇ ದಿಕ್ಕಿನಿಂದ. ಡಿಸೆಂಬರ್ ಕೊನೆಯ ವಾರ ಬಾಗಲಕೋಟೆಯಲ್ಲಿ ನಡುಮಧ್ಯಾಹ್ನ ಸೂರ್ಯ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಗ ಪ್ಯಾನೆಲ್ ಮಟ್ಟಕ್ಕಿಂತ ಆರು ಅಡಿ ಎತ್ತರದ ಟಾಕಿಯ ನೆರಳು ಉತ್ತರಕ್ಕೆ ಐದು ಅಡಿ ಚಾಚುತ್ತದೆ; ಮೂರೂವರೆ ಗಂಟೆಯ ಹೊತ್ತಿಗೆ ಅದು ಈಶಾನ್ಯಕ್ಕೆ ತಿರುಗಿ ಹತ್ತು ಅಡಿಯಾಗುತ್ತದೆ. ಪ್ಯಾನೆಲ್‌ಗಳು ಒಂದರ ಹಿಂದೊಂದು ಸರಪಳಿಯಾಗಿ ಜೋಡಣೆಗೊಳ್ಳುವುದರಿಂದ ಒಂದರ ಮೂಲೆಗೆ ಬಿದ್ದ ನೆರಳು ಆ ಮೂಲೆಯ ಪಾಲಿಗಿಂತ ಬಹಳ ಹೆಚ್ಚು ನಷ್ಟ ಮಾಡುತ್ತದೆ. ಆದ್ದರಿಂದ ಆಗ್ನೇಯ ಭಾಗವನ್ನು ಆರಿಸಿಕೊಳ್ಳಿ. ಈಗಿನ 540 ವಾಟ್‌ನ ಪ್ಯಾನೆಲ್ ಒಂದಕ್ಕೆ ಸುಮಾರು 28 ಚದರ ಅಡಿ ಬೇಕು. ನಾಲ್ಕು ಪ್ಯಾನೆಲ್ ಹಾಕಿ ಒರೆಸಲು ಓಡಾಡುವ ಜಾಗ ಬಿಟ್ಟರೂ 200 ಚದರ ಅಡಿಯಲ್ಲಿ ಮುಗಿಯುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಹಾಗಾಗಿ ಉತ್ತರ ಬದಿಗೆ ಅಂಟಿಕೊಂಡ ಎತ್ತರದ ಗೋಡೆ ಇದ್ದರೆ ಅದನ್ನೂ ಗಮನಿಸಿ. ಪಕ್ಕದ ಖಾಲಿ ನಿವೇಶನದಲ್ಲಿ ನಾಳೆ ಮೂರು ಅಂತಸ್ತು ಎದ್ದರೆ ತಡೆಯುವ ಉಪಾಯ ಯಾರ ಬಳಿಯೂ ಇಲ್ಲ.

ಸ್ಲ್ಯಾಬ್ ಸೋರುವುದು ಪ್ಯಾನೆಲ್‌ನ ಭಾರದಿಂದಲ್ಲ, ಸ್ಟ್ಯಾಂಡ್ ನಿಲ್ಲಿಸಲು ಅಲ್ಲಲ್ಲಿ ಡ್ರಿಲ್ ಮಾಡಿ ಬೋಲ್ಟ್ ಬಿಗಿದು ಬಾಯಿ ಮುಚ್ಚದೆ ಹೋದದ್ದರಿಂದ. ಸ್ಲ್ಯಾಬಿನ ಮೇಲೆ ಕಾಂಕ್ರೀಟ್ ಪೆಡೆಸ್ಟಲ್ ಎರಕ ಹೊಯ್ದು ಅದರಲ್ಲಿ ಕಾಲು ಹೂಳಿಸಿದರೆ ಈ ತೊಂದರೆ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಭಾರಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ಗಾಳಿಗೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಪ್ಯಾನೆಲ್‌ಗಳನ್ನು ಕೆಳಗಿನಿಂದ ಎತ್ತಲು ನೋಡುತ್ತದೆ, ಆದ್ದರಿಂದ ಪೆಡೆಸ್ಟಲ್‌ಗಳ ತೂಕದಲ್ಲಿ, ಸ್ಟ್ಯಾಂಡಿನ ಜಿಂಕ್ ಲೇಪನದಲ್ಲಿ ಉಳಿತಾಯ ಮಾಡಬೇಡಿ. ಮಣ್ಣಿನ ಮಾಳಿಗೆಯ ಹಳೆಯ ಮನೆ ಇರುವವರು ಮಾಳಿಗೆಯ ಮೇಲೆ ಇದನ್ನು ಕೂರಿಸುವ ಯೋಚನೆ ಬಿಟ್ಟು ಹಿತ್ತಲಿನ ನೆಲದ ಮೇಲೆ ಸ್ಟ್ಯಾಂಡ್ ನಿಲ್ಲಿಸುವುದು ಒಳ್ಳೆಯದು.

ಧೂಳಿನ ವಿಷಯ ಚಿಕ್ಕದಾಗಿ ಕಂಡರೂ ನಮ್ಮ ಜಿಲ್ಲೆಗಳಲ್ಲಿ ಹಾಗಲ್ಲ. ಒಣ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಸಕ್ಕರೆ ಕಾರ್ಖಾನೆಗಳ ಹತ್ತಿರವಿರುವ ಮುಧೋಳ, ಜಮಖಂಡಿ ಕಡೆಯವರು ಕಬ್ಬು ನುರಿಸುವ ಹಂಗಾಮಿನಲ್ಲಿ ಬೂದಿ ಬೀಳುವುದರಿಂದ ವಾರಕ್ಕೊಮ್ಮೆ. ಸವಳು ಬೋರ್‌ವೆಲ್ ನೀರು ಸುರಿದು ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕ್ರಮೇಣ ಅದು ಧೂಳಿಗಿಂತ ಕೆಡುಕಾಗುತ್ತದೆ. ನಲ್ಲಿಯ ಸಿಹಿನೀರಿನಲ್ಲಿ, ಬೆಳಗಿನ ತಂಪು ಹೊತ್ತಿನಲ್ಲಿ, ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಬೀಳದಿರಲಿ.

ಅಪಾಯಗಳ ಪೈಕಿ ಹಣದ ದೃಷ್ಟಿಯಿಂದ ಮುಖ್ಯವಾದದ್ದು ಇನ್ವರ್ಟರ್. ಪ್ಯಾನೆಲ್‌ಗಳು 25 ವರ್ಷ ಬಾಳುತ್ತವೆ, ವರ್ಷಕ್ಕೆ ಸುಮಾರು ಅರ್ಧ ಶೇಕಡದಷ್ಟು ಮಾತ್ರ ಸೊರಗುತ್ತವೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹತ್ತು ವರ್ಷದ ಹೊತ್ತಿಗೆ 25,000ದಿಂದ 30,000 ರೂಪಾಯಿ ಅದಕ್ಕಾಗಿ ತೆಗೆದಿಡಬೇಕಾಗುತ್ತದೆ, ಅಂದರೆ ಆರೂವರೆ ವರ್ಷದ ನಂತರದ ಲಾಭದಲ್ಲಿ ಎರಡು ಎರಡೂವರೆ ವರ್ಷದ ಉಳಿತಾಯ ಅದಕ್ಕೇ ಹೋಗುತ್ತದೆ. ಬ್ಯಾಂಕ್ ಸಾಲ ಮಾಡಿದರೆ ಬಡ್ಡಿಯೂ ಸೇರಿ ಅವಧಿ ಒಂದೆರಡು ವರ್ಷ ಮುಂದಕ್ಕೆ ಹೋಗುತ್ತದೆ. ಕೈಯಲ್ಲಿ ಹಣವಿದ್ದರೆ 80,000ಕ್ಕಾಗಿ ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಮೀಟರಿನದು. ಅರ್ಜಿದಾರರ ಹೆಸರು, ಆರ್.ಆರ್. ಸಂಖ್ಯೆಯ ಮೇಲಿನ ಹೆಸರು ಮತ್ತು ಸಬ್ಸಿಡಿ ಬರಬೇಕಾದ ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ಹೊಂದಬೇಕು. ತಂದೆಯವರ ಮರಣ ಪ್ರಮಾಣಪತ್ರ, ವಾರಸಾ ದಾಖಲೆ, ಮನೆಯ ಉತಾರ ಕೊಟ್ಟು ಮೀಟರನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡ ಮೇಲೆ ಪಿಎಂ ಸೂರ್ಯ ಘರ್ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಮನೆಯ ಆಸ್ತಿ ಇನ್ನೂ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವನ್ನೂ ಈಗಲೇ ಮಾಡಿಸಿಡಿ. ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರನ್ನೇ ಆರಿಸಿ, ಯೋಜನೆಯಡಿ ಅವರು ಕೊಡಬೇಕಾದ ಐದು ವರ್ಷದ ನಿರ್ವಹಣೆಯನ್ನು ಕರಾರಿನಲ್ಲಿ ಬರೆಸಿ. ಸಬ್ಸಿಡಿ ನಿಮ್ಮ ಖಾತೆಗೆ ಬರುವುದು ನೆಟ್ ಮೀಟರ್ ಕೂಡಿಸಿ ಹೆಸ್ಕಾಂ ಪರಿಶೀಲನೆ ಮುಗಿದ ಮೇಲೆ. ಪ್ಯಾನೆಲ್ ಏರಿಸಿದ ದಿನವೇ ಪೂರ್ತಿ ಹಣ ಕೊಟ್ಟರೆ ಮುಂದಿನ ಓಡಾಟವೆಲ್ಲ ನಿಮ್ಮ ತಲೆಯ ಮೇಲೆ ಬೀಳುತ್ತದೆ, ಆದ್ದರಿಂದ ಕೊನೆಯ ಕಂತಾಗಿ ಕನಿಷ್ಠ ಶೇಕಡ 15ರಿಂದ 20ರಷ್ಟನ್ನು ನೆಟ್ ಮೀಟರ್ ಓಡತೊಡಗುವವರೆಗೆ ಉಳಿಸಿಕೊಳ್ಳುವ ಷರತ್ತನ್ನು ಮುಂಗಡ ಕೊಡುವ ಮೊದಲೇ ಹಾಕಿ.